ಕಲ್ಲಿನ ಕೆಳಗಿನ ಸಾಲು

ಇಬ್ನಿ-ಸಿನ್: ಮೊದಲು ಕೇಳು, ಆಮೇಲೆ ಬಟ್ಟೆಯಂಚು ಒತ್ತು ಅಂದೆ. ಒತ್ತೇಬಿಟ್ಟೆಯಲ್ಲ?

ಎತೆಲ್-ಪಿ: ಅನ್ಯಾಯ ಆದೋನಿಗೆ ತಡ್ಕೊಳ್ಳೋಕಾಗುತ್ತಾ ಸ್ವಾಮಿ.

ಇಬ್ನಿ-ಸಿನ್: ಕಲ್ಲಿಗೆ ಒರಗ್ಬೇಡ. ದೊರೆ ಅದನ್ನ ನೆಡಿಸಿರೋದು ನಿನ್ನ ಬೆನ್ನಿಗಲ್ಲ.

ಸಿಪ್ಪರಿನ ಊರಬಾಗಿಲಲ್ಲಿ ದೊರೆಯ ಕಟ್ಟಳೆಗಳನ್ನು ಕೆತ್ತಿದ ಕರಿಕಲ್ಲು ನಿಂತಿತ್ತು. ಅನ್ಯಾಯವಾದವರು ಬಂದು ಓದಿಕೊಳ್ಳಲಿ ಎಂಬುದು ದೊರೆಯ ದೊಡ್ಡ ಮನಸ್ಸು. ಊರಿನಲ್ಲಿ ಯಾರಿಗೂ ಓದು ಬಾರದು ಎಂಬುದು ಸಣ್ಣ ವಿಷಯ. ಅದಕ್ಕೆ ಲಿಪಿಕಾರ ಇಬ್ನಿ-ಸಿನ್ ಇದ್ದ. ಎತೆಲ್-ಪಿಯ ಈರುಳ್ಳಿ ಪಾತಿ ಕೊಳೆತಿತ್ತು. ಪಕ್ಕದ ಮನೆಯ ಮೀನುಗಾರ ಅವಿಲ್-ಇಲಿ ಮಾಟ ಮಾಡಿದನೆಂದು ಎತೆಲ್-ಪಿ ದೂರು ಬರೆಸಿ, ಒತ್ತಲು ಮುದ್ರೆಯಿಲ್ಲದ್ದಕ್ಕೆ ಹಸಿಮಣ್ಣಿನ ಹಲಗೆಗೆ ತನ್ನ ಬಟ್ಟೆಯಂಚನ್ನೇ ಒತ್ತಿದ್ದ.

ಇಬ್ನಿ-ಸಿನ್: ಮಾಟದ ದೂರು ಬಂದೋನು ನದಿಗೆ ಹಾರ್ಬೇಕು. ನದಿದೇವರು ಅವನನ್ನ ಒಳಗೆಳ್ಕೊಂಡ್ರೆ ಅವನ ಮನೆ ನಿಂದು.

ಎತೆಲ್-ಪಿ: ಎಂಥಾ ಧರ್ಮಾತ್ಮ ದೊರೆ. ಅವನ ಮಾಳಿಗೆ ಮೇಲೆ ಖರ್ಜೂರ ಒಣಗಿಸ್ತೀನಿ.

ಇಬ್ನಿ-ಸಿನ್: ಕೆಳಗೆ ಇನ್ನೊಂದು ಸಾಲಿದೆ.

ಎತೆಲ್-ಪಿ: ಬೇಡ ಬಿಡಿ. ನ್ಯಾಯ ಸಿಕ್ಕಾಯ್ತಲ್ಲ.

ಗಂಡನನ್ನು ಹುಡುಕಿಕೊಂಡು ಬಂದ ಲಮಸ್ಸಿ ರೊಟ್ಟಿಬುಟ್ಟಿ ಕೆಳಗಿಟ್ಟಳು.

ಲಮಸ್ಸಿ: ಓದಿ ಸ್ವಾಮಿ. ಈ ಮಹಾರಾಯ ನಮ್ಮ ಮದುವೆ ಹಲಗೆಗೂ ಅರ್ಧ ಕೇಳಿಯೇ ಅಂಚು ಒತ್ತಿದ್ದು.

ಇಬ್ನಿ-ಸಿನ್: ಹಾರಿದೋನು ಬದುಕಿ ಬಂದ್ರೆ, ದೂರು ಕೊಟ್ಟೋನ ತಲೆ ಹೋಗುತ್ತೆ. ಅವನ ಮನೆಯೂ ಹೋಗುತ್ತೆ.

ಎತೆಲ್-ಪಿಯ ಕೈ ಕುತ್ತಿಗೆಗೆ ಹೋಯಿತು.

ಎತೆಲ್-ಪಿ: ಲೇ, ಅವಿಲ್-ಇಲಿಗೆ ಈಜು ಬರುತ್ತಾ?

ಲಮಸ್ಸಿ: ಮೀನುಗಾರ ಅಲ್ವಾ, ನೀರು ಕಂಡ್ರೆ ಹೆದರ್ತಾನೆ ಪಾಪ. ರೀ, ಕಾಲುವೆ ಬಾಯಿ ಮುಚ್ಚದೆ ಮಲಗಿದ್ರಲ್ಲ, ಈರುಳ್ಳಿ ಕೊಳೆತಿದ್ದು ಅದಕ್ಕೆ.

ಎತೆಲ್-ಪಿ: ಸ್ವಾಮಿ, ಮಣ್ಣು ಇನ್ನೂ ಹಸಿಯಾಗೇ ಇದೆ ಅಲ್ವಾ?

ಇಬ್ನಿ-ಸಿನ್ ಹೆಬ್ಬೆರಳು ಒದ್ದೆ ಮಾಡಿ ಹಲಗೆ ಒರೆಸಿದ.

ಇಬ್ನಿ-ಸಿನ್: ಒರೆಸ್ತಿರೋದು ಇದು ಎರಡನೇದು. ನಿನ್ನೆ ಅವನೂ ಬಂದಿದ್ದ. ಬಲೆಗೆ ಮೀನು ಬೀಳದ ಹಾಗೆ ನೀನೇ ಮಾಟ ಮಾಡಿದ್ದೀಯಂತೆ.

ಎತೆಲ್-ಪಿ: ನನಗೆ ಈಜೇ ಬರಲ್ಲ. ಸತ್ತೇ ಹೋಗ್ತಿದ್ದೆ. ಮತ್ಯಾಕೆ ಸುಮ್ಮನಾದ?

ಇಬ್ನಿ-ಸಿನ್: ಕೆಳಗಿನ ಸಾಲೂ ಕೇಳಿದ. ‘ಅಂಥವನು ನದಿಗೂ ಬೇಡ, ವಾಪಸ್ ಎಸೆಯುತ್ತೆ, ನನ್ನ ತಲೆ ಹೋಗುತ್ತೆ’ ಅಂತ ಎದ್ದು ಹೋದ.

ಲಮಸ್ಸಿ: ನದಿಗೂ ಬೇಡವಾದೋನ ಜೊತೆ ಇಪ್ಪತ್ತು ವರ್ಷ ಬಾಳಿದೀನಿ ಸ್ವಾಮಿ. ಗಂಡ ಸಾಕಾದ ಹೆಂಗಸರಿಗೆ ಆ ಕಲ್ಲಲ್ಲಿ ಏನಾದ್ರೂ ಇದೆಯಾ?

ಇಬ್ನಿ-ಸಿನ್: ಇದೆ ತಾಯಿ. ತೀರಾ ಕೆಳಗೆ, ಬಗ್ಗಿ ಓದ್ಬೇಕು.

ಎತೆಲ್-ಪಿ ಓಡಿಹೋಗಿ ಕಲ್ಲಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಕೂತ.