ಸುಮತಿಯಕ್ಕನ ಹೂಂ

ಸ್ವಂತ ಬುದ್ಧಿ ಇಲ್ಲದವರು ಆಪ್ತಸಮಾಲೋಚನೆ ಕಲಿಯಬಾರದು ಎಂದು ಎಲ್ಲಿಯೂ ಬರೆದಿಲ್ಲ. ಆ ಧೈರ್ಯದಲ್ಲೇ ನಾನು ಬಲ್ಮಠದ ಕಾಲೇಜೊಂದರಲ್ಲಿ ಎಂ.ಎಸ್ಸಿ. ಸೇರಿದ್ದು. ಸಾರಿಗೆ ಉಪ್ಪು ಹಾಕುವ ಮೊದಲೂ ಅಮ್ಮನನ್ನು ಕೇಳುವ ಜಾತಿ ನನ್ನದು. ಎರಡನೇ ವರ್ಷದ ಸಂಶೋಧನಾ ಪ್ರಬಂಧಕ್ಕೆ ಪ್ರಶ್ನೆಗಳ ಪಟ್ಟಿಯಿಂದ ಹಿಡಿದು ಪುಟದ ಅಂಚಿನವರೆಗೆ ಎಲ್ಲವನ್ನೂ ಗೈಡ್ ಮೇಡಂ ಅವರನ್ನೇ ಕೇಳುತ್ತಾ ಹೋದೆ. ಒಂದು ದಿನ ಅವರು ಕನ್ನಡಕ ತೆಗೆದಿಟ್ಟರು. "ಸ್ವತಂತ್ರ ಸಂಶೋಧನೆ ಅಂದ್ರೆ ಎಂತ ಗೊತ್ತುಂಟಾ? ನನ್ನನ್ನು ಕೇಳದೆ ಮಾಡುವುದು. ಸೋಮವಾರ ಮೊದಲನೇ ಸಂದರ್ಶನ ಬರೆದು ತಾ. ಆಗದಿದ್ರೆ ಪ್ರಬಂಧ ಮುಂದಿನ ವರ್ಷ ನೋಡುವಾ."

ನನ್ನ ವಿಷಯ, ಗಂಡ ಗಲ್ಫ್‌ನಲ್ಲಿರುವ ಹೆಂಗಸರ ಒಂಟಿತನ. ಬೋಳಾರದಲ್ಲಿ ಟೈಲರಿಂಗ್ ಮಾಡುವ ಸುಮತಿಯಕ್ಕನ ಗಂಡ ಹದಿನಾಲ್ಕು ವರ್ಷದಿಂದ ದುಬೈಯಲ್ಲಿದ್ದಾರೆ. ಅವರಲ್ಲಿಗೆ ಹೋದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅವರು, "ನಿನ್ನ ಮನೆ ಎಲ್ಲಿ ಮಗಾ? ಅಪ್ಪನಿಗೆ ಎಂತ ಕೆಲಸ?" ಎಂದು ವಿಚಾರಿಸಿದರು. ಇಷ್ಟು ಆಗದೆ ನಮ್ಮಲ್ಲಿ ಯಾವ ಮಾತೂ ಮುಂದೆ ಹೋಗುವುದಿಲ್ಲ. ಅಪ್ಪನಿಗೆ ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ ಕೆಲಸ ಎಂದೆ. ಆಮೇಲೆ ಅವರು ಸಹಿ ಹಾಕಿ, ಯಾರೋ ಮದುಮಗಳ ರವಿಕೆ ಎತ್ತಿಕೊಂಡು, ಐದಾರು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಕುಳಿತರು.

ಎದುರಿನವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಮೌನ ತಾಳಲಾರದೆ ಅವರೇ ಮಾತಾಡುತ್ತಾರೆ ಎಂದು ನಮಗೆ ಕಲಿಸಿದ್ದಾರೆ. ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಮೌನ ತಾಳಲಾರದೆ ನಾನೇ ಮಾತಾಡಿದೆ. ಸೂಜಿಗಳ ನಡುವಿನಿಂದ ಅವರು "ಹೂಂ" ಎಂದರು. ಎದುರಿನವರು ತಾವಾಗಿಯೇ ಮಾತು ಮುಂದುವರಿಸುವಂತೆ ಮಾಡುವ, ಎರಡು ವರ್ಷ ತರಗತಿಯಲ್ಲಿ ಅಭ್ಯಾಸ ಮಾಡಿಯೂ ನನಗೆ ಒಲಿಯದ ಹೂಂ ಅದು.

ಮನೆಗೆ ಬಂದು ಮೊಬೈಲಿನ ರೆಕಾರ್ಡಿಂಗ್ ಕೇಳಿದರೆ ನಲವತ್ತು ನಿಮಿಷವೂ ನನ್ನದೇ ಸ್ವರ. ಅಮ್ಮ, ಉಪ್ಪು, ಮೇಡಂ, ಮುಂದಿನ ವರ್ಷ. ಕೊನೆಯಲ್ಲಿ ಸೂಜಿ ತೆಗೆದ ಮೇಲೆ ಮಾತ್ರ ಸುಮತಿಯಕ್ಕ ಹೀಗೆಂದಿದ್ದರು: "ಒಬ್ಬಳೇ ತೀರ್ಮಾನ ಮಾಡ್ಲಿಕ್ಕೆ ನಂಗೂ ಮೊದಮೊದಲು ಹೆದರಿಕೆ ಇತ್ತು ಮಗಾ. ಕೇಳುವಾ ಅಂದ್ರೆ ಅವರಿಗೆ ಅಲ್ಲಿ ಡ್ಯೂಟಿ ಟೈಮ್. ಹಾಗೇ ಅಭ್ಯಾಸ ಆಯ್ತು." ಇಡೀ ಸಂಶೋಧನೆಗೆ ಬೇಕಾದ ಮಾತು ಅದು. ಅದರ ಮೇಲೂ ನಾನು "ನಮ್ಮ ಮನೆಯಲ್ಲೂ ಹಾಗೇ ಅಕ್ಕ" ಎಂದು ಶುರು ಮಾಡಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಅಂದು ನಾನೇ ತೀರ್ಮಾನಿಸಿದೆ. ಈ ಸಂದರ್ಶನವನ್ನು ಬದಿಗಿಟ್ಟು, ನಾಳೆ ಮತ್ತೆ ಬೋಳಾರಕ್ಕೆ ಹೋಗಿ, ಬಾಯಿ ಮುಚ್ಚಿ ಕೂರುವುದು. ಯಾರನ್ನೂ ಕೇಳದೆ ಮಾಡಿದ ಮೊದಲ ತೀರ್ಮಾನ. ಅದರ ಖುಷಿಯಲ್ಲಿ ಈ ತೀರ್ಮಾನವನ್ನು ವಿವರವಾಗಿ ಬರೆದು ಮೇಡಂಗೆ ವಾಟ್ಸಾಪ್ ಮಾಡಿದೆ. ಕೊನೆಯಲ್ಲಿ, "ಸರಿಯಲ್ವಾ ಮೇಡಂ?"

ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: "ಹೂಂ."

ನಾನು ದಿಂಬಿಗೆ ಒರಗಿ ಕುಳಿತು, ಉಳಿದದ್ದನ್ನೂ ಟೈಪ್ ಮಾಡತೊಡಗಿದೆ.