ಗಾರ್ನಿಕನ ಬಿಯರಿಗೆ ಬಂದ ಮೊಳಕೆ

ಇರಾನಿನ ಇಸ್ಫಹಾನ್ ಊರಿನ ಜುಲ್ಫಾ ಬಡಾವಣೆಯಲ್ಲಿ ಅರ್ಮೇನಿಯನ್ನರ ಮನೆ ಅಂದಮೇಲೆ ನೆಲಮಾಳಿಗೆಯಲ್ಲಿ ಒಂದು ಜಾಡಿ ದ್ರಾಕ್ಷಾರಸ ಇದ್ದೇ ಇರುತ್ತಿತ್ತು. ಗಾರ್ನಿಕನ ಮನೆಯಲ್ಲೂ ಇತ್ತು. ಆದರೆ ಆ ನೆಲಮಾಳಿಗೆಯ ಬೀಗದ ಕೈ ಹೆಂಡತಿ ಸಾತೆನಿಕಳ ಸೊಂಟದಲ್ಲಿತ್ತು, ಅವಳು ಸುರಿಯುತ್ತಿದ್ದ ಅಳತೆ ಒಂದು ಬೆರಳು. (ಅದೂ ಕಿರುಬೆರಳು.) ಸಾಲದ್ದಕ್ಕೆ, ಗಾರ್ನಿಕನ ಜೀವ ಎಳೆಯುತ್ತಿದ್ದದ್ದು ಬಿಯರಿನ ಕಡೆಗೆ. ಕ್ರಾಂತಿಗೆ ಮುಂಚೆ ಗುರುವಾರ ಸಂಜೆಯಾದರೆ ಸಾಕು, ಗಡಿಯಾರ ರಿಪೇರಿ ಅಂಗಡಿಗೆ ಬಾಗಿಲೆಳೆದು, ಹಲ್ಲಿನ ಡಾಕ್ಟರ್ ಆಶೋತ್ ಮತ್ತು ದರ್ಜಿ ರಾಜ್ಮಿಕ್ ಜೊತೆ ನದೀದಂಡೆಯಲ್ಲಿ ಕೂತು ತಣ್ಣನೆಯ ಬಿಯರು ಹೀರುತ್ತಿದ್ದ. ಆಮೇಲೆ ಕುಡಿತಕ್ಕೆ ನಿಷೇಧ ಬಂದು ಬಿಯರಿನ ಕಾರ್ಖಾನೆ ಮುಚ್ಚಿತು, ಯುದ್ಧ ಶುರುವಾಯಿತು. ಮೂವರೂ ಅದೇ ದಂಡೆಯಲ್ಲಿ ಕೂತು, ಹಳೆಯ ಬಿಯರಿನ ನೆನಪನ್ನು ನಂಚಿಕೊಂಡು ಚಹಾ ಕುಡಿಯತೊಡಗಿದರು.

“ನಾವೇ ಯಾಕೆ ಮಾಡಬಾರದು?” ಅಂದ ಗಾರ್ನಿಕ್ ಒಂದು ದಿನ.

“ನಿನಗೆ ಚಹಾ ಮಾಡೋಕೆ ಬರುತ್ತೇನೋ?” ಅಂದ ಆಶೋತ್.

“ಚಹಾಕ್ಕೆ ಹೆಂಡತಿ ಇದ್ದಾಳೆ. ಬಿಯರಿಗೆ ವಿಜ್ಞಾನ ಬೇಕು.”

ಆ ವಿಜ್ಞಾನದ ಪ್ರಕಾರ ಜವೆಗೋಧಿ ಬೇಯಿಸಿ, ಬ್ರೆಡ್ಡಿನ ಹುದುಗು ಹಾಕಿ, ಜಾಡಿಗೆ ಬಟ್ಟೆ ಕಟ್ಟಿ ಇಟ್ಟರು. ಕಾದು ಕಾದು ಬಟ್ಟೆ ಬಿಚ್ಚಿದರೆ, ನೊರೆಯೂ ಇಲ್ಲ, ಅಮಲೂ ಇಲ್ಲ, ಅಂಬಲಿ ಹಳಸಿ ಕೂತಿತ್ತು. ಆಶೋತ್ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವರು ಉಗುಳುವ ಹಾಗೆ ಉಗುಳಿದ. ಆಗ ರಾಜ್ಮಿಕನಿಗೆ ಅಜ್ಜನ ಮಾತು ನೆನಪಾಯಿತು. ಕಾಳು ಮೊದಲು ಮೊಳಕೆ ಒಡೆಯಬೇಕಂತೆ. ಮೊಳೆತರೆ ಸಿಹಿ, ಸಿಹಿಯಿದ್ದರೆ ಅಮಲು.

“ಇದನ್ನ ಮೊದಲೇ ಹೇಳೋದಲ್ವೇನೋ?”

“ನೀನು ವಿಜ್ಞಾನ ಅಂದೆಯಲ್ಲ. ಅಜ್ಜ ಯಾಕೆ ಬೇಕು ಅಂತ ಸುಮ್ಮನಾದೆ.”

ಹೀಗೆ, ಹೊಸವರ್ಷದ ನೌರೋಜ್ ಹಬ್ಬ ಹತ್ತಿರವಾಗುತ್ತಿದ್ದ ಚಳಿಯಲ್ಲಿ, ಗಾರ್ನಿಕನ ಅತಿಥಿ ಕೋಣೆ ಗದ್ದೆಯಾಯಿತು. ಜಮಖಾನದ ಮೇಲೆ ಒದ್ದೆ ದುಪ್ಪಟಿ, ದುಪ್ಪಟಿಯ ಮೇಲೆ ಜವೆಗೋಧಿ.

“ಏನ್ರೀ, ಅತಿಥಿಗಳು ಬಂದ್ರೆ ಎಲ್ಲಿ ಕೂರಿಸಲಿ? ಬೇಲಿ ಮೇಲಾ?” ಅಂದಳು ಸಾತೆನಿಕ್.

“ನಿನ್ನ ತಮ್ಮ ಬಿಟ್ಟರೆ ಯಾರು ಬರ್ತಾರೆ? ಅವನು ಮೇಯ್ದುಕೊಂಡು ಹೋಗಲಿ ಬಿಡು.”

ಆ ಸಂಜೆ ಊಟದಲ್ಲಿ ಅವನ ಪಾಲಿಗೆ ನಿನ್ನೆಯ ಸಾರು ಬಂತು. ಆದರೆ ಮೊಳಕೆ ಚೆನ್ನಾಗಿ ಬಂತು. ಬೆಳ್ಳಗೆ, ಸಮನಾಗಿ, ಹೆಣಿಗೆ ಹಾಕಿದ ಹಾಗೆ. ಗಾರ್ನಿಕ್ ದಿನಾ ಎದ್ದು ಮೊದಲು ಅದಕ್ಕೆ ನೀರು ಚಿಮುಕಿಸಿ, ಆಮೇಲೆ ಮುಖ ತೊಳೆಯುತ್ತಿದ್ದ. ಊರಹಬ್ಬಕ್ಕೆಂದು ಸುಳ್ಳು ಹೇಳಿ ಚರ್ಚಿನಿಂದ ದೊಡ್ಡ ತಾಮ್ರದ ಹಂಡೆಯನ್ನೂ ತಂದಿಟ್ಟ.

ಬೇಯಿಸುವ ದಿನ ಬೆಳಿಗ್ಗೆ ಪಕ್ಕದ ಮನೆಯ ಇಶ್ರತ್ ಖಾನುಂ ಒಂದು ತಟ್ಟೆ ಸೊಪ್ಪು ಹಿಡಿದು ಒಳಗೆ ಬಂದರು. ಹಜ್ ಮಾಡಿ ಬಂದ ಮುದುಕಿ, ನಮಾಜು ತಪ್ಪಿಸಿದವರಲ್ಲ. ಕೋಣೆಯ ಬಾಗಿಲು ತೆರೆದಿತ್ತು. ಗಾರ್ನಿಕ್ ಅದನ್ನು ಮುಚ್ಚಲು ಓಡಿದ, ತಡವಾಗಿತ್ತು. ಮುದುಕಿ ಮೊಳಕೆಯ ಮುಂದೆ ನಿಂತಲ್ಲೇ ನಿಂತು, ಚಾದರದ ಅಂಚಿನಿಂದ ಕಣ್ಣೊರೆಸಿಕೊಂಡರು.

“ನನ್ನ ಹರಕೆ ವಿಷಯ ನಿಮಗೆ ಯಾರು ಹೇಳಿದ್ರು?”

ಅವರ ಮಗ ಹಮೀದ್ ಯುದ್ಧಕ್ಕೆ ಹೋದವನು, ಕಾಗದವಿಲ್ಲ, ಸುದ್ದಿಯಿಲ್ಲ. ಅವನು ಬರಲೆಂದು ಸಮನು ಮಾಡಿ ಹಂಚುತ್ತೇನೆಂದು ಹೊತ್ತುಕೊಂಡಿದ್ದರು. ಮೊಳಕೆಯ ಹಾಲನ್ನು ಹಿಟ್ಟಿನ ಜೊತೆ ದಿನವಿಡೀ ಕಾಯಿಸುವ ಹಬ್ಬದ ಸಿಹಿ ಅದು. ಆದರೆ ಈ ಸಲ ನೆನೆಹಾಕಿದ ಗೋಧಿಯೆಲ್ಲ ಬೂಷ್ಟು ಹಿಡಿದಿತ್ತು. ಅಪಶಕುನವೆಂದು ಮುದುಕಿ ಊಟವನ್ನೇ ಬಿಟ್ಟಿದ್ದರು.

ಗಾರ್ನಿಕ್ ಬಾಯಿ ತೆರೆದ. ಸಾತೆನಿಕ್ ಅವನ ಕಾಲು ತುಳಿದಳು.

“ಹೌದು ಖಾನುಂ, ಹಮೀದನಿಗೋಸ್ಕರಾನೇ. ಇವರದೇ ಯೋಚನೆ.”

ಮುದುಕಿ ಒಂದು ಕಾಳು ಎತ್ತಿ ನೋಡಿದರು. “ಆದ್ರೆ ಇದು ಗೋಧಿಯಲ್ಲ, ಜವೆಗೋಧಿ.”

“ಗೋಧಿ ಕುಲದ್ದೇ ಖಾನುಂ,” ಅಂದ ಗಾರ್ನಿಕ್, ಸೋತ ದನಿಯಲ್ಲಿ. “ದಾಯಾದಿಗಳು.”

ಮಧ್ಯಾಹ್ನ ಆಶೋತ್ ಮತ್ತು ರಾಜ್ಮಿಕ್ ಗೋಣಿಚೀಲದ ತುಂಬ ಖಾಲಿ ಬಾಟಲಿ ಹೊತ್ತು ಬಂದಾಗ, ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಚರ್ಚಿನ ಹಂಡೆಯಡಿ ಬೆಂಕಿ ಉರಿಯುತ್ತಿತ್ತು. ದೃಷ್ಟಿ ತೆಗೆಯುವ ಹೊಗೆಯ ನಡುವೆ ಗಾರ್ನಿಕ್ ಮರದ ಹುಟ್ಟು ಹಿಡಿದು ಬೆವರುತ್ತಿದ್ದ.

“ಬಾಟಲಿ ಯಾಕಪ್ಪ?” ಅಂದರು ಇಶ್ರತ್ ಖಾನುಂ.

“ಸಮನು ತುಂಬಿಸೋಕೆ,” ಅಂದ ರಾಜ್ಮಿಕ್.

“ಸಮನು ಬಾಟಲಿಗಿಳಿಯಲ್ಲ ಮಗನೇ. ಅದನ್ನ ಅಲ್ಲಿಟ್ಟು ತೋಳು ಮಡಚು. ಗಂಡಸರು ಹಂಡೆ ಹತ್ರ ಬರಬಾರದು ಅಂತಾರೆ, ಆದ್ರೆ ಈ ಹೆಣ್ಣುಮಕ್ಕಳ ಕೈಯೆಲ್ಲ ಸೋತುಹೋಗಿದೆ.”

ಹುಟ್ಟು ಹಿಡಿದವರು ಮನಸ್ಸಿನಲ್ಲಿ ಒಂದು ಬೇಡಿಕೆ ಇಡಬೇಕೆಂಬುದು ಪದ್ಧತಿ. ಗಾರ್ನಿಕನ ಬೇಡಿಕೆ ಸಿದ್ಧವಾಗಿಯೇ ಇತ್ತು, ತಣ್ಣಗೆ, ಗಾಜಿನ ಲೋಟದಲ್ಲಿ. ಆದರೆ ಎದುರಿಗೆ ಮುದುಕಿಯ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಬಿಯರು ಕೇಳಹೊರಟವನು ಹಮೀದನನ್ನು ಕೇಳಿಬಿಟ್ಟ. ಪಕ್ಕದಲ್ಲಿ ಆಶೋತನೂ ಕಣ್ಣು ಮುಚ್ಚಿದ್ದ. ಏನು ಕೇಳಿದನೆಂದು, ಮುಂದೆ ಊರು ಬಿಟ್ಟು ಸಿಡ್ನಿಗೆ ಹೊರಟ ದಿನದವರೆಗೂ ಅವನು ಹೇಳಲಿಲ್ಲ. ಸಂಜೆ ಕೆಂಪಾಗುವಷ್ಟರಲ್ಲಿ ಹಂಡೆಯಲ್ಲಿ ಸಮನು ಕಂದುಬಣ್ಣಕ್ಕೆ ತಿರುಗಿ, ಸಕ್ಕರೆಯ ಹಂಗಿಲ್ಲದೆ ಸಿಹಿಯಾಗಿತ್ತು. ಸಾತೆನಿಕ್ ಮೊದಲ ಬಟ್ಟಲನ್ನು ಗಂಡನಿಗೆ ಕೊಟ್ಟಳು. ಕಿರುಬೆರಳಿನ ಅಳತೆಯಲ್ಲಲ್ಲ, ತುಂಬಿಸಿಯೇ ಕೊಟ್ಟಳು.

ಹಮೀದ್ ಬೇಸಿಗೆಯಲ್ಲಿ ಬಂದ. ಒಂದು ಕಾಲು ಎಳೆಯುತ್ತಿದ್ದ, ಆದರೆ ಬಂದ. ಇಶ್ರತ್ ಖಾನುಂ ಬೀದಿಯಿಡೀ ಸಾರಿದರು: ಹರಕೆ ನನ್ನದಾದರೂ ಕೈಗುಣ ಗಾರ್ನಿಕ್ ಸಾಹೇಬರದು.

ಮರುವರ್ಷದ ಚಳಿಗಾಲದಲ್ಲಿ ಗಾರ್ನಿಕ್ ಗೆಳೆಯರ ಮುಂದೆ ಆಣೆ ಮಾಡಿದ, ಈ ಸಲ ಕಾಳು ಬಿಯರಿಗೇ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಹೆಂಗಸರ ಸಾಲು, ಕೈಯಲ್ಲಿ ಗೋಧಿಯ ಚೀಲ. ಒಬ್ಬಳ ಗಂಡ ಗಡಿಯಲ್ಲಿದ್ದ, ಒಬ್ಬಳ ಅಣ್ಣ ಸೆರೆಯಲ್ಲಿದ್ದ, ಒಬ್ಬಳ ಮಗಳಿಗೆ ಗಂಡು ಸಿಕ್ಕಿರಲಿಲ್ಲ. ಗಾರ್ನಿಕ್ ಚೀಲಗಳನ್ನು ಒಂದೊಂದಾಗಿ ಒಳಗೆ ಹೊತ್ತು ತಂದ. ಅವನು ಬೇಡಿದ್ದು ನೊರೆ, ಬಂದದ್ದು ಹೊರೆ.

ಅತಿಥಿ ಕೋಣೆ ಸಾಲಲಿಲ್ಲ. ಸಾತೆನಿಕ್ ಮಲಗುವ ಕೋಣೆಯಲ್ಲೂ ದುಪ್ಪಟಿ ಹಾಸಿ, ಗಂಡನ ಮಂಚದ ತುಂಬ ಗೋಧಿ ಹರಡಿದಳು.

“ನಾನೆಲ್ಲಿ ಮಲಗಲಿ?”

“ಕುರ್ಚಿಯಿದೆಯಲ್ಲ. ಹೇಗೂ ನೀರು ಚಿಮುಕಿಸೋಕೆ ಏಳ್ತಾನೇ ಇರಬೇಕು.”

ಗಾರ್ನಿಕ್ ಕಂಬಳಿ ಹೊದ್ದು ಕುರ್ಚಿಯಲ್ಲಿ ಮುದುಡಿ ಕೂತ. ಸಾತೆನಿಕ್ ದೀಪ ಆರಿಸಲು ಬಂದವಳು ಗೋಧಿಯನ್ನು ಮುಟ್ಟಿ ನೋಡಿ, “ಪಾಪ, ತಣ್ಣಗಿದೆ” ಅಂದು, ಕಂಬಳಿಯನ್ನೂ ಎಳೆದುಕೊಂಡು ಅದಕ್ಕೆ ಹೊದಿಸಿದಳು.