ಟಿವಿ ಕಲಿಸಿದ ಸ್ವಾಗತ ಭಾಷಣ

"ಇವತ್ತಿನಿಂದ ಈ ಮನೇಲಿ ಮಾವೊರಿ ಚಾನೆಲ್ ಬಿಟ್ಟು ಬೇರೆ ಯಾವುದಾದ್ರೂ ಓಡಿದ್ರೆ ನಾನು ರುಕಾನೇ ಅಲ್ಲ!" ಎಂದು ರುಕಾ ರಿಮೋಟನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದ.

"ಹಾಗಾದ್ರೆ ನನ್ನ ಧಾರಾವಾಹಿ?" ಎಂದಳು ಹೆಂಡತಿ ರಾಹೇರಾ.

"ತ್ಯಾಗ ಮಾಡು! ಶನಿವಾರ ಮರಾಯೆಯಲ್ಲಿ ಬೀಗರ ಎದುರು ನಿಂತು ಮಾತಾಡಬೇಕಾದವನು ನಾನು!"

ವಿಷಯ ನಿಜಕ್ಕೂ ಗಂಭೀರವಾಗಿತ್ತು. ಮಗಳು ಮಿಹಿಯನ್ನು ಕೇಳಲು ಗಂಡಿನ ಕಡೆಯವರು ಇವರ ಊರಾದ ವೈರೋವಾಕ್ಕೆ ಬರುವವರಿದ್ದರು. ಮರಾಯೆಯಲ್ಲಿ, ಕುಲದ ಸಭಾಮನೆಯ ಅಂಗಳದಲ್ಲಿ, ಅವರನ್ನು ಪೂರ್ವಜರ ಮಾವೊರಿ ಮಾತಿನಲ್ಲೇ ಬರಮಾಡಿಕೊಳ್ಳಬೇಕು. ಇಷ್ಟು ಕಾಲ ಆ ಹೊಣೆ ತಮಾತಿ ದೊಡ್ಡಪ್ಪನದು. ಈಗ ಗಂಟಲಿಗೆ ಆಪರೇಷನ್ ಆಗಿ ಅವರ ದನಿಯೇ ಹೋಗಿದೆ. ರುಕಾನ ಅಪ್ಪನೋ, ಶಾಲೆಯಲ್ಲಿ ಮಾವೊರಿ ಆಡಿದ್ದಕ್ಕೆ ಬೆತ್ತದೇಟು ತಿಂದವನು. ಮಗನಿಗೆ ಆ ಪಾಡು ಬೇಡವೆಂದು ಒಂದಕ್ಷರ ಕಲಿಸಿರಲಿಲ್ಲ. ಬೇರೆ ಮನೆಯವರನ್ನು ಕರೆದು ಮಾತಾಡಿಸಬಹುದಿತ್ತು. ಆದರೆ ಸ್ವಂತ ಮಗಳ ಬೀಗರಿಗೆ 'ಬನ್ನಿ' ಎನ್ನಲು ಎರವಲು ನಾಲಿಗೆಯೇ? ಅದನ್ನು ನೆನೆದರೇ ರುಕಾನಿಗೆ ಅಳು ಬರುತ್ತಿತ್ತು.

"ಅಪ್ಪಾ, ಮೇಷ್ಟ್ರ ಹತ್ರ ಹೋಗಿ ಕಲಿಯಬಾರದಾ?" ಎಂದಳು ಮಿಹಿ.

"ಮೇಷ್ಟ್ರು ಒಂದು ಗಂಟೆ ಮಾತಾಡ್ತಾರೆ. ಟಿವಿ ದಿನವಿಡೀ ಮಾತಾಡುತ್ತೆ! ಯಾವುದು ಲಾಭ?"

ಸೋಮವಾರ ವಾರ್ತೆ. ರಾತ್ರಿ ಊಟದ ಹೊತ್ತಿಗೆಲ್ಲ ರುಕಾ, "ವೈರೋವಾದಲ್ಲಿ ಇಂದು ಕಾಲುಚೀಲವೊಂದು ನಾಪತ್ತೆ!" ಎಂದು ಗಂಭೀರವಾಗಿ ಬಿತ್ತರಿಸತೊಡಗಿದ. ಮಂಗಳವಾರ ರಗ್ಬಿ. ಹಿರಿಮಗನ ಪುಟ್ಟ ಮಗು ತಟ್ಟೆ ಬೀಳಿಸಿದ್ದಕ್ಕೂ ವೀಕ್ಷಕ ವಿವರಣೆ! ಬುಧವಾರ ಅಡುಗೆ ಕಾರ್ಯಕ್ರಮ. 'ಹೆಚ್ಚಿರಿ, ಹುರಿಯಿರಿ, ತಿರುವಿರಿ' ಎಂಬುದನ್ನು ಬಾಯಿಪಾಠ ಮಾಡುವ ಭರದಲ್ಲಿ ಒಲೆಯ ಮೇಲಿದ್ದ ಹಂದಿ ಮೂಳೆಯ ಸಾರನ್ನು ತಿರುವಲು ಮರೆತ.

"ರುಕಾ, ಸೀದು ಹೋಗ್ತಿದೆ!"

"ಅದನ್ನ ಮಾವೊರಿಯಲ್ಲಿ ಹೇಳು!"

"ಪಾತ್ರೆ ನಿನ್ನ ತಲೆ ಮೇಲೆ ಬಿದ್ರೆ ಎಲ್ಲಾ ಭಾಷೇಲೂ ಒಂದೇ ಸದ್ದು ಬರುತ್ತೆ, ನೋಡ್ತೀಯಾ?"

ಗುರುವಾರ ಹವಾಮಾನ, ಮೀನುಗಾರಿಕೆ. ಶುಕ್ರವಾರ ಮಕ್ಕಳ ಕಾರ್ಯಕ್ರಮ. ಅದರಲ್ಲೊಂದು ಏಡಿಯ ಹಾಡು. ಮೊಮ್ಮಗು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಮನೆಮಂದಿಯ ತಲೆ ಚಿಟ್ಟು ಹಿಡಿಸಿತು.

ಶನಿವಾರ ಬಂದೇಬಿಟ್ಟಿತು! ಹೆಂಗಸರು ರಾಗವೆತ್ತಿ ಕರೆದರು. ಬೀಗರು ಮೆಲ್ಲನೆ ಅಂಗಳ ದಾಟಿ ಬಂದು ಬೆಂಚುಗಳಲ್ಲಿ ಕುಳಿತರು. ರುಕಾ ದೊಡ್ಡಪ್ಪನ ಕೆತ್ತನೆಯ ಕೋಲು ಹಿಡಿದು ಎದ್ದ. ದೊಡ್ಡಪ್ಪನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಂತೆಯೇ ತೀರಿಹೋದವರಿಗೆ ವಂದಿಸಿದ, ಸಭಾಮನೆಗೆ ವಂದಿಸಿದ, ಬೆಟ್ಟಕ್ಕೆ, ಹೊಳೆಗೆ ವಂದಿಸಿದ. ಸೊಗಸಾಗಿತ್ತು! ದನಿಯಿಲ್ಲದ ದೊಡ್ಡಪ್ಪ ತಲೆದೂಗಿದರು. ಅಪ್ಪ ಇದ್ದಿದ್ದರೆ ಎಂದುಕೊಂಡ ರುಕಾ. ಅಷ್ಟೆ! ಅವನ ಎದೆ ತುಂಬಿ ಬಂತು, ತಲೆ ಬರಿದಾಯಿತು.

ಮುಂದಿನ ಮಾತು? ಹೊಳೆಯಲಿಲ್ಲ. ಆದರೆ ಬಾಯಿ ನಿಲ್ಲಲಿಲ್ಲ.

"ನಾಳೆ ದಕ್ಷಿಣದಿಂದ ಚಳಿಗಾಳಿ ಬೀಸಲಿದೆ. ಮೀನುಗಾರರು ಕಡಲಿಗಿಳಿಯಬಾರದು!"

ಬೀಗರಲ್ಲಿ ಒಬ್ಬರಿಬ್ಬರು ಕೋಟಿನ ಗುಂಡಿ ಹಾಕಿಕೊಂಡರು.

"ಮೂಳೆ ಹದವಾಗಿ ಬೆಂದ ಮೇಲೆ ಸೊಪ್ಪು ಹಾಕಿರಿ!"

ಅಡುಗೆಮನೆಯಿಂದ ನಾಲ್ಕು ತಲೆಗಳು ಹೊರಗೆ ಇಣುಕಿದವು.

"ಇಗೋ, ಗಂಡಿನ ಕಡೆಯ ಹುಡುಗ! ಓಡಿದ, ತಪ್ಪಿಸಿಕೊಂಡ, ಗೆರೆ ದಾಟಿಯೇಬಿಟ್ಟ!"

ಮದುವೆ ಗಂಡು ಕಿವಿಯವರೆಗೂ ಕೆಂಪಾದ. ಮಿಹಿ ಮುಖ ಮುಚ್ಚಿಕೊಂಡಳು.

ಭಾಷಣ ದಾರಿ ತಪ್ಪಿದರೆ ಹೆಂಗಸರು ಎದ್ದು ಹಾಡು ಶುರುಮಾಡುವುದು ಮರಾಯೆಯ ಪದ್ಧತಿ. ಹಾಡು ಎದ್ದಿತೆಂದರೆ ಎಂಥ ಮಹಾವಾಗ್ಮಿಯೂ ಬಾಯಿ ಮುಚ್ಚಬೇಕು! ರಾಹೇರಾ ದಡಬಡಿಸಿ ಎದ್ದಳು, ಉಸಿರೆಳೆದಳು. ಅಭ್ಯಾಸ ಮಾಡಿದ್ದು ಹಳೆಯ ಕುಲಗೀತೆ. ಗಾಬರಿಯಲ್ಲಿ ಹೊರಬಿದ್ದದ್ದು ಏಡಿಯ ಹಾಡು! ಬೀಗರ ಕಡೆಯ ಮಕ್ಕಳು ಚಂಗನೆ ಜಿಗಿದು ದನಿಗೂಡಿಸಿದವು. ಅವುಗಳ ಹಿಂದೆಯೇ ಅವರ ಅಜ್ಜಿ ಬೆರಳುಗಳನ್ನು ಏಡಿಯ ಕೊಂಡಿ ಮಾಡಿಕೊಂಡು ಎದ್ದಳು!

ಬೀಗರ ಹಿರಿಯ ಎರುವೇರಾ ಎದ್ದು ಉತ್ತರ ಕೊಟ್ಟದ್ದು ರುಕಾನ ಕಿವಿಗೆ ಬೀಳಲೇ ಇಲ್ಲ. ಸಂಬಂಧ ಮುರಿಯಿತು, ಮಗಳ ಬಾಳಿಗೆ ನಾನೇ ಕಲ್ಲು ಹಾಕಿದೆ ಎಂದು ಅವನು ಒಳಗೊಳಗೇ ಕುಗ್ಗಿಹೋಗಿದ್ದ. ಎರಡೂ ಕಡೆಯವರು ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ವಂದಿಸುವ ಸರದಿ ಬಂದಾಗ ಪಿಸುಗುಟ್ಟಿದ:

"ತಪ್ಪಾಯ್ತು ಹಿರಿಯರೇ. ನಾನು... ಟಿವಿ ನೋಡಿ ಕಲಿತವನು."

ಎರುವೇರಾ ಹಣೆಗೆ ಹಣೆ ಒತ್ತಿಕೊಂಡೇ ಸುತ್ತ ಕಣ್ಣಾಡಿಸಿ, ದನಿ ತಗ್ಗಿಸಿದರು.

"ಗೊತ್ತಾಯ್ತು ಬೀಗರೇ. ನಾನೂ ಅದರಲ್ಲೇ ಕಲೀತಾ ಇರೋದು. ಬರೋ ತಿಂಗಳು ಮದುವೆಗೆ ನಮ್ಮ ಮರಾಯೆಗೆ ಬನ್ನಿ. ನಿಮ್ಮ ಕಡೆಯಿಂದ ನೀವೇ ಮಾತಾಡಬೇಕು, ಬೇರೆ ಯಾರೂ ಬೇಡ."

ರುಕಾನ ಕಣ್ಣು ಒದ್ದೆಯಾಯಿತು. "ನಾನೇ? ನಿಜವಾಗ್ಲೂ?"

"ನೀವೇ. ಆದ್ರೆ ಈ ವಾರದ್ದೆಲ್ಲಾ ನಾನು ನೋಡಿಬಿಟ್ಟಿದೀನಿ. ಅಲ್ಲಿ ಮಾತ್ರ ಮರುಪ್ರಸಾರ ಮಾಡಬೇಡಿ, ಪುಣ್ಯ ಬರುತ್ತೆ!"